ಹುಲಿಯಿರುವ ಊರಿಗೆ ಮೃಗಾಲಯವಿಲ್ಲ

ಚಾಮರಾಜನಗರದಿಂದ ಸತ್ಯಮಂಗಲದ ದಾರಿ ಹಿಡಿದರೆ ಐದಾರು ಕಿಲೋಮೀಟರಿಗೆ ಹರದನಹಳ್ಳಿ ಸಿಗುತ್ತದೆ. ಹಳೆಯ ದೇವಸ್ಥಾನ, ಹಳೆಯ ಮಠ, ಬಾಳೆ ಅರಿಶಿನದ ತೋಟಗಳಿರುವ ಊರು. ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗೇಶ್ವರರು ಹುಟ್ಟಿದ್ದು ಇಲ್ಲಿ ಎಂಬುದು ಊರಿನವರ ಹೆಮ್ಮೆ. ಊರಾಚೆ ನಿಂತು ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ. ಮಳೆ ಬಂದು ಬಿಟ್ಟ ಮಾರನೆಯ ದಿನವಂತೂ ಆ ಬೆಟ್ಟ ಎದ್ದು ಬಂದು ಹೊಲದ ಬದುವಿನಲ್ಲೇ ಕೂತಂತೆ ಇರುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮನ್ನು ಶಾಲೆಯಿಂದ ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿರಲಿಲ್ಲ, ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಜಿರಾಫೆ ನೋಡಿದೆವು, ಬಿಳಿ ನವಿಲು ನೋಡಿದೆವು, ಕೊನೆಗೆ ಹುಲಿಯ ಮುಂದೆ ಬಹಳ ಹೊತ್ತು ನಿಂತೆವು. ಅದು ಮಲಗಿತ್ತು. ಏಳಲೇ ಇಲ್ಲ. ರಾತ್ರಿ ಮನೆಗೆ ಬಂದು ಉತ್ಸಾಹದಿಂದ ಅಜ್ಜಿಗೆ ಎಲ್ಲ ವರದಿ ಒಪ್ಪಿಸಿದೆ. ಅವಳು ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡು, “ಹುಲಿ ನೋಡಕ ದುಡ್ ಕೊಟ್ಟು ಅಷ್ಟ್ ದೂರ ಹೋಗಿದ್ರಾ? ನಮ್ ಕಾಲ್ದಲ್ಲಿ ಹುಲಿ ಕಣ್ಗ ಬೀಳ್ದೆ ಇರ್ಲಿ ಅಂತ ಮಾದಪ್ಪನ್ಗ ಕಾಯಿ ಒಡೀತಿದ್ದೊ ಕನಾ ಮೊಗ” ಅಂದಳು.

ಆ ಮಾತಿಗೆ ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತಿನೊಳಗೆ ಒಂದು ಪ್ರಶ್ನೆಯಿತ್ತು ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಮೈಸೂರಿಗೆ ಮೃಗಾಲಯವಿದೆ, ನಮ್ಮೂರಿಗೆ ಏಕಿಲ್ಲ? ಹೋಗಲಿ, ನಮ್ಮದು ಚಿಕ್ಕ ಊರು. ಹುಬ್ಬಳ್ಳಿ-ಧಾರವಾಡದಷ್ಟು ದೊಡ್ಡ ಊರಿಗೆ ಏಕಿಲ್ಲ? ರಾಜಧಾನಿ ಬೆಂಗಳೂರಿನಲ್ಲಿ ಊರ ನಡುವೆ ಏಕಿಲ್ಲ? ಮೃಗಾಲಯ ಎಂಬುದು ಯಾವ ಊರಿಗೆ ಬರುತ್ತದೆ, ಯಾವ ಊರಿಗೆ ಬರುವುದಿಲ್ಲ?

ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಮೈಸೂರಿನದು ‘ಶ್ರೀ ಚಾಮರಾಜೇಂದ್ರ ಮೃಗಾಲಯ’. ಬಾಗಿಲ ಮೇಲಿನ ಆ ಹೆಸರು ಓದಿದಾಗ ಇದು ನಮ್ಮ ಚಾಮರಾಜನಗರದ ಚಾಮರಾಜರೇ ಎಂದುಕೊಂಡು ನಾನು ಹಿಗ್ಗಿದ್ದೆ. ಅಲ್ಲ. ನಮ್ಮೂರಿನ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ನೆನಪಿಗೆ ಊರಿನ ಹೆಸರು ಬದಲಿಸಿ, 1826ರ ಹೊತ್ತಿಗೆ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಮೃಗಾಲಯದ ಚಾಮರಾಜರು ಅವರ ನಂತರದವರು, ಮುಮ್ಮಡಿಯವರ ದತ್ತುಪುತ್ರ, ಹತ್ತನೆಯ ಚಾಮರಾಜೇಂದ್ರ ಒಡೆಯರು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಮರಳಿಸಿದ್ದು ಅವರಿಗೆ. 1892ರಲ್ಲಿ ಬೇಸಿಗೆ ಅರಮನೆಯ ಹತ್ತು ಎಕರೆಯಷ್ಟು ಜಾಗದಲ್ಲಿ ಅವರು ಪ್ರಾಣಿಸಂಗ್ರಹ ಆರಂಭಿಸಿದರು. ಮೊದಲಿಗೆ ಅದು ‘ಅರಮನೆ ಮೃಗಾಲಯ’. 1909ರಲ್ಲಿ ಅವರ ಹೆಸರು ಬಂತು. ಹೀಗೆ ಒಬ್ಬ ಚಾಮರಾಜರ ಹೆಸರು ಕಾಡಂಚಿನ ಊರಿಗೆ ಬಂತು, ಇನ್ನೊಬ್ಬ ಚಾಮರಾಜರ ಹೆಸರು ನಗರದೊಳಗೆ ಕಟ್ಟಿದ ಕಾಡಿಗೆ ಬಂತು. ಒಂದರಿಂದ ಇನ್ನೊಂದಕ್ಕೆ ಅರವತ್ತು ಕಿಲೋಮೀಟರಿನಷ್ಟು ದೂರ.

ಪ್ರಾಣಿ ಸಾಕುವುದು ಎಲ್ಲ ಊರಿನಲ್ಲೂ ಇದೆ. ಆದರೆ ಹಾಲು ಕೊಡದ, ಉಳದ, ಹೊರದ, ದಿನಕ್ಕೆ ಕೆಜಿಗಟ್ಟಲೆ ಮಾಂಸ ತಿನ್ನುವ ಪ್ರಾಣಿಯನ್ನು ನೋಡುವುದಕ್ಕೆಂದೇ ಸಾಕುವುದು ಬೇರೆಯೇ ವ್ಯವಹಾರ. ಅದಕ್ಕೆ ಹಿಡಿಯುವ ಶಕ್ತಿ ಬೇಕು, ತಿನ್ನಿಸುವ ಬೊಕ್ಕಸ ಬೇಕು, ತೋರಿಸಿಕೊಳ್ಳುವ ಕಾರಣವೂ ಬೇಕು. ಈ ಮೂರೂ ಇದ್ದದ್ದು ಅರಸರ ಬಳಿ. ಜಗತ್ತಿನಲ್ಲಿ ಇವತ್ತಿಗೂ ನಡೆಯುತ್ತಿರುವ ಅತ್ಯಂತ ಹಳೆಯ ಮೃಗಾಲಯ ವಿಯೆನ್ನಾದ ಷಾನ್‌ಬ್ರುನ್, 1752ರದ್ದು. ಅದು ಅರಮನೆಯ ಅಂಗಳದಲ್ಲಿದೆ. ಪ್ಯಾರಿಸ್ಸಿನದು 1793ರಲ್ಲಿ, ಕ್ರಾಂತಿಯಾದ ಮೇಲೆ, ವರ್ಸೇಲ್ಸ್ ಅರಮನೆಯಲ್ಲಿ ಉಳಿದಿದ್ದ ಪ್ರಾಣಿಗಳನ್ನೂ ಸೇರಿಸಿಕೊಂಡು ಶುರುವಾಯಿತು. 1828ರ ಲಂಡನ್ ಮೃಗಾಲಯವನ್ನು ವಿದ್ವಾಂಸರ ಸಂಘವೊಂದು ಕಟ್ಟಿತಾದರೂ ಅಲ್ಲಿಗೆ ಪ್ರಾಣಿಗಳು ಬಂದದ್ದು ಸಾಮ್ರಾಜ್ಯ ಹಬ್ಬಿದ ದಿಕ್ಕುಗಳಿಂದ.

ನಮ್ಮಲ್ಲೂ ಹಾಗೆಯೇ. 1855ರಲ್ಲಿ ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯ ಮದರಾಸಿನ ವಸ್ತುಸಂಗ್ರಹಾಲಯದ ಜೊತೆಗೆ ಮೃಗಾಲಯ ಆರಂಭಿಸಿದಾಗ, ಕರ್ನಾಟಕ್ ನವಾಬರು ತಮ್ಮ ಪ್ರಾಣಿಗಳನ್ನು ಅದಕ್ಕೆ ಬಿಟ್ಟುಕೊಟ್ಟರು. ತಿರುವನಂತಪುರ, ಜುನಾಗಢ, ಬರೋಡ, ಜೈಪುರ, ಮೈಸೂರು ಸಂಸ್ಥಾನಗಳ ರಾಜಧಾನಿಗಳು. ಮದರಾಸು, ಮುಂಬಯಿ, ಕಲ್ಕತ್ತ ಕಂಪನಿಯ ಊರುಗಳು. ಕಲ್ಕತ್ತದ ಅಲಿಪುರ ಮೃಗಾಲಯ 1876ರಲ್ಲಿ ವೇಲ್ಸ್ ರಾಜಕುಮಾರನ ಕೈಯಿಂದ ಆರಂಭವಾಯಿತು. ಹತ್ತೊಂಬತ್ತನೇ ಶತಮಾನದ ಮೃಗಾಲಯಗಳ ಪಟ್ಟಿ ಹಿಡಿದು ಭೂಪಟದಲ್ಲಿ ಚುಕ್ಕಿ ಇಡುತ್ತಾ ಹೋದರೆ ಗದ್ದುಗೆಗಳೂ ಗವರ್ನರರೂ ಎಲ್ಲೆಲ್ಲಿದ್ದರು ಎಂಬುದರ ನಕ್ಷೆ ಮೂಡುತ್ತದೆ. ಜನ ಎಷ್ಟಿದ್ದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ವ್ಯಾಪಾರದಿಂದ, ಮಿಲ್ಲಿನಿಂದ, ರೈಲಿನಿಂದ ಬೆಳೆದ ಹುಬ್ಬಳ್ಳಿಯಂಥ ಊರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ದೇಶದ ರಾಜಧಾನಿಯಾದ ದೆಹಲಿಯಲ್ಲೇ ಈಗಿರುವ ಮೃಗಾಲಯ ತೆರೆದದ್ದು 1959ರಲ್ಲಿ, ಸ್ವಾತಂತ್ರ್ಯ ಬಂದು ಹನ್ನೆರಡು ವರ್ಷಗಳಾದ ಮೇಲೆ.

ಗದ್ದುಗೆ ಹೋದರೆ ಪ್ರಾಣಿಗಳ ಗತಿ ಏನು ಎಂಬುದಕ್ಕೆ ಸಾಕ್ಷಿ ನಮ್ಮ ಹತ್ತಿರದಲ್ಲೇ ಇದೆ. ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಸುಲ್ತಾನ್ ಹುಲಿಗಳನ್ನು ಸಾಕಿದ್ದ. ಹುಲಿ ಅವನ ಸಿಂಹಾಸನದಲ್ಲಿತ್ತು, ಸೈನಿಕರ ಉಡುಪಿನ ಪಟ್ಟೆಗಳಲ್ಲಿತ್ತು, ಬ್ರಿಟಿಷ್ ಸೈನಿಕನ ಮೇಲೆ ಎರಗಿದ ಮರದ ಯಂತ್ರದ ರೂಪದಲ್ಲೂ ಇತ್ತು. 1799ರ ಮೇ ತಿಂಗಳಲ್ಲಿ ಕೋಟೆ ಬಿತ್ತು. ಊರಿನ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಗೆ ಈ ಹುಲಿಗಳು ತಲೆನೋವಾದವು. ಹಾಕಲು ಮೇವಿಲ್ಲ, ನೋಡಿಕೊಳ್ಳುವವರಿಲ್ಲ, ದಿನದಿನಕ್ಕೆ ಕೆರಳುತ್ತಿವೆ, ನಿಜಾಮನ ಕಡೆಯವರು ಬಂದು ಒಯ್ಯದಿದ್ದರೆ ಗುಂಡಿಕ್ಕಿಸಬೇಕಾಗುತ್ತದೆ ಎಂಬರ್ಥದ ಮಾತನ್ನು ಅವನು ಪತ್ರದಲ್ಲಿ ಬರೆದ. ಮರದ ಹುಲಿಯನ್ನು ಮಾತ್ರ ಜೋಪಾನವಾಗಿ ಲಂಡನ್ನಿಗೆ ಸಾಗಿಸಿದರು. ಅದು ಇವತ್ತಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಮಾಂಸ ಹಾಕುವ ಖರ್ಚಿರಲಿಲ್ಲ.

ಈಗ ಅರಸರ ‘ಹಿಡಿಯುವ ಶಕ್ತಿ’ಯ ಮಾತು. ಆ ಚರಿತ್ರೆ ನಡೆದದ್ದು ಮೈಸೂರಿನಲ್ಲಲ್ಲ, ನಮ್ಮ ಸೀಮೆಯಲ್ಲಿ.

ಜಿ. ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಯುವಕ ಮೈಸೂರು ಸರ್ಕಾರದ ನಾಲೆಗಳ ಇಲಾಖೆಯಲ್ಲಿ ಕೆಲಸಕ್ಕಿದ್ದ. ಚಾಮರಾಜನಗರದ ಸುತ್ತಿನ ಕೆರೆ, ಕಾಲುವೆ, ಹೊನ್ನುಹೊಳೆ ಎಂದು ತಿರುಗುತ್ತಲೇ ಅವನು ಬಿಳಿಗಿರಿರಂಗನ ಬೆಟ್ಟದ ಆನೆಗಳ ಜಾಡು ಕಲಿತ. ಹೊನ್ನುಹೊಳೆ ಎಂದರೆ ನಮ್ಮ ಸುವರ್ಣಾವತಿ. ಬೆಟ್ಟದ ಸೋಲಿಗರು ಅವನಿಗೆ ದಾರಿ ತೋರಿಸಿದರು. ಬಂಗಾಳದಲ್ಲಿ ಆನೆಯ ಹಿಂಡನ್ನೇ ಅಟ್ಟಿಕೊಂಡು ಬಂದು ದೊಡ್ಡಿಗೆ ಕೂಡುವ ಪದ್ಧತಿಯಿತ್ತು, ಖೆಡ್ಡಾ. ಮೈಸೂರಿನ ಕಾಡಿನಲ್ಲಿ ಅದು ಸಾಧ್ಯವಿಲ್ಲ ಎಂಬ ನಂಬಿಕೆ ಬೇರೂರಿತ್ತು. ಹೈದರ್ ಅಲಿ ಪ್ರಯತ್ನಿಸಿ ಸೋತಿದ್ದನೆಂದು ಹೇಳುತ್ತಿದ್ದರು. ಪಿಯರ್ಸನ್ ಎಂಬ ಸೇನಾಧಿಕಾರಿಯೂ 1867ರಲ್ಲಿ ಕೈಸುಟ್ಟುಕೊಂಡಿದ್ದ. 1873ರಲ್ಲಿ ಸರ್ಕಾರದ ಅನುಮತಿ ಪಡೆದ ಸ್ಯಾಂಡರ್ಸನ್, ಮಾರನೆಯ ವರ್ಷ ಚಾಮರಾಜನಗರದ ಬಳಿ ಕಂದಕ ತೋಡಿಸಿ, ಕಾವಲಿಟ್ಟು, ತಮಟೆ ಬೆಂಕಿಗಳಿಂದ ಅಟ್ಟಿಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಸಲಕ್ಕೆ ಕೂಡಿಹಾಕಿದ. ಮೈಸೂರು ಸೀಮೆಯಲ್ಲಿ ಯಶಸ್ವಿಯಾದ ಮೊದಲ ಖೆಡ್ಡಾ ಅದು. ತನ್ನ ಹದಿಮೂರು ವರ್ಷಗಳ ಅನುಭವವನ್ನು ಅವನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಆಮೇಲೆ ಖೆಡ್ಡಾ ಕಾಕನಕೋಟೆಗೆ ಹೋಯಿತು, ದೊಡ್ಡ ಮಂದಿಗೆ ತೋರಿಸುವ ತಮಾಷೆಯಾಯಿತು. 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದಾಗ ಅದು ಅರಮನೆಯ ಆತಿಥ್ಯದ ಭಾಗವಾಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಸ್ಯಾಂಡರ್ಸನ್ ತೀರಿಕೊಂಡದ್ದು 1892ರಲ್ಲಿ, ಮೈಸೂರಿನ ಮೃಗಾಲಯ ಹುಟ್ಟಿದ ವರ್ಷವೇ. ಇದು ಕಾಕತಾಳೀಯ ಇರಬಹುದು. ಆದರೆ ಕಾಡಿನ ಪ್ರಾಣಿಯನ್ನು ಹಿಡಿದು, ಪಳಗಿಸಿ, ಸಾಗಿಸಿ, ಸಾಕುವ ಕೆಲಸ ಬಲ್ಲ ಮಾವುತರು, ಕಾವಾಡಿಗಳು, ಬೆಟ್ಟದ ಜನ, ಜೊತೆಗೆ ಅದಕ್ಕೆ ಹಣ ಹಾಕುವ ಸರ್ಕಾರ ಆ ಹೊತ್ತಿಗೆ ಸಿದ್ಧವಾಗಿದ್ದವು. ನಮ್ಮ ಕಡೆಯಿಂದ ಹೋದದ್ದು ಪ್ರಾಣಿ ಮತ್ತು ಬಲ್ಲ ಕೈ. ಮೈಸೂರಿನಲ್ಲಿ ಎದ್ದದ್ದು ನೋಡುವ ಜಾಗ.

ಹಾಗಿದ್ದರೆ ಬೆಂಗಳೂರು? ಅಲ್ಲಿ ಮೃಗಾಲಯ ಇರಲಿಲ್ಲ ಎಂದಲ್ಲ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಲಾಲ್‌ಬಾಗಿನೊಳಗೆ ಹುಲಿ, ಕರಡಿ, ಕೋತಿ, ಹಕ್ಕಿಗಳ ಸಣ್ಣ ಸಂಗ್ರಹವಿತ್ತು. ಸಂಜೆ ವಾದ್ಯ ಕೇಳಲು ಬಂದವರು ಅದನ್ನೂ ನೋಡಿಕೊಂಡು ಹೋಗುತ್ತಿದ್ದರು. ಇವತ್ತು ಲಾಲ್‌ಬಾಗಿಗೆ ಹೋದರೆ ಅದರ ಕುರುಹಾಗಿ ಗುಂಡನೆಯ ಪಾರಿವಾಳದ ಗೂಡು ಕಾಣಬಹುದು. ತೋಟ ಬೆಳೆಸುವವರಿಗೆ ಗಿಡವೇ ಮುಖ್ಯ. ಅರಸರು ಇದ್ದದ್ದು ಮೈಸೂರಿನಲ್ಲಿ, ಅವರ ಮುತುವರ್ಜಿಯೂ ಅಲ್ಲೇ ಇತ್ತು. ಬೆಂಗಳೂರಿನ ಸಂಗ್ರಹ ಕರಗುತ್ತಾ ಹೋಗಿ ಇಲ್ಲವಾಯಿತು. ಮತ್ತೆ ಅಲ್ಲಿನವರಿಗೆ ಹುಲಿ ಸಿಕ್ಕಿದ್ದು 1970ರ ದಶಕದಲ್ಲಿ, ಊರಿನಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆಯ ಬನ್ನೇರುಘಟ್ಟದಲ್ಲಿ. 1974ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಅದರ ಒಂದು ಭಾಗವನ್ನು ಜೈವಿಕ ಉದ್ಯಾನವೆಂದು ಬೇರ್ಪಡಿಸಿದರು. ಮದರಾಸಿನ ಕಥೆಯೂ ಇದೇ ದಾರಿಯದು. ಸೆಂಟ್ರಲ್ ನಿಲ್ದಾಣದ ಪಕ್ಕದ ಉದ್ಯಾನದಲ್ಲಿ ಇಕ್ಕಟ್ಟಿನಲ್ಲಿದ್ದ ಮೃಗಾಲಯ, ಊರು ಬೆಳೆದು ಉಸಿರುಗಟ್ಟಿಸಿದಾಗ 1985ರಲ್ಲಿ ವಂಡಲೂರಿನ ಮೀಸಲು ಅರಣ್ಯಕ್ಕೆ ಹೋಯಿತು. ಪಂಜರದಿಂದ ಬಯಲಿಗೆ ಎನ್ನುವ ಒಳ್ಳೆಯ ವಿಚಾರ ಇದರ ಹಿಂದಿತ್ತು. ನಗರದ ನಡುವಿನ ನೆಲದ ಬೆಲೆಯೂ ಇತ್ತು.

ಮೈಸೂರಿನದು ಮಾತ್ರ ಊರ ನಡುವೆಯೇ ಉಳಿಯಿತು. ಹತ್ತು ಎಕರೆಯಲ್ಲಿ ಹುಟ್ಟಿದ್ದು ಮೊದಲ ದಶಕದಲ್ಲೇ ನಲವತ್ತೈದಕ್ಕೆ ಬೆಳೆಯಿತು. ಪ್ರಾಣಿಗಳನ್ನು ಕಂಬಿಯ ಹಿಂದಿಡದೆ ಕಂದಕದ ಆಚೆ ಬಯಲಿನಲ್ಲಿ ಬಿಡುವ ಕ್ರಮ ಅಲ್ಲಿ ಬೇಗ ಬಂತು. ಪಕ್ಕದಲ್ಲಿ ಕಾರಂಜಿ ಕೆರೆ ಇದ್ದದ್ದು, ಬೆನ್ನಿಗೆ ಚಾಮುಂಡಿ ಬೆಟ್ಟ ಇದ್ದದ್ದು, ಮೈಸೂರು ಬೆಂಗಳೂರಿನಂತೆ ಉಬ್ಬದೇ ಹೋದದ್ದು ಅದರ ಪುಣ್ಯ. ಸಂಸ್ಥಾನ ಮುಗಿದ ಮೇಲೆ 1948ರಲ್ಲಿ ತೋಟಗಾರಿಕೆಯವರಿಗೆ, 1972ರಲ್ಲಿ ಅರಣ್ಯ ಇಲಾಖೆಗೆ ಸೇರಿದ ಅದಕ್ಕೆ 1979ರಲ್ಲಿ ಮೃಗಾಲಯ ಪ್ರಾಧಿಕಾರವೇ ರಚನೆಯಾಯಿತು. ಅರಸರ ಬೊಕ್ಕಸದ ಬದಲಿಗೆ ನಮ್ಮಂಥ ಶಾಲಾ ಮಕ್ಕಳ ಟಿಕೆಟ್ಟಿನ ದುಡ್ಡು ಅದನ್ನು ಸಾಕತೊಡಗಿತು.

ಇನ್ನುಳಿದ ದೊಡ್ಡ ಊರುಗಳು ಆಮೇಲಾದರೂ ಕಟ್ಟಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಕೆಲವು ಕಟ್ಟಿಕೊಂಡವು. ಗದಗದ ಬಿಂಕದಕಟ್ಟಿ, ಬೆಳಗಾವಿಯ ಭೂತರಾಮನಹಟ್ಟಿ, ದಾವಣಗೆರೆಯ ಆನಗೋಡು, ಶಿವಮೊಗ್ಗದ ತ್ಯಾವರೆಕೊಪ್ಪ, ಮಂಗಳೂರಿನ ಪಿಲಿಕುಳ, ಹಂಪಿ ಬಳಿಯ ಕಮಲಾಪುರ. ಗಮನಿಸಿ, ಒಂದೂ ಊರ ನಡುವೆ ಇಲ್ಲ. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನಿಂದ ಹಿಡಿದು ತರುವ ದಾರಿ ಮುಚ್ಚಿತು. 1991ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ರಚನೆಯಾದ ಮೇಲೆ ಅದರ ಮಾನ್ಯತೆಯಿಲ್ಲದೆ ಯಾರೂ ಮೃಗಾಲಯ ನಡೆಸುವಂತಿಲ್ಲ. ಇಷ್ಟು ಜಾಗ, ಇಂಥ ವೈದ್ಯ, ಇಂಥ ಆವರಣ, ಮೇವಿನ ಲೆಕ್ಕ ಎಲ್ಲವೂ ನಿಯಮದಲ್ಲಿದೆ. ಪುರಸಭೆಯ ಪಾರ್ಕಿನ ಮೂಲೆಯಲ್ಲಿ ನಾಲ್ಕು ಜಿಂಕೆ, ಎರಡು ಕೋತಿ ಕಟ್ಟಿ ‘ಮೃಗಾಲಯ’ ಎಂದು ಬೋರ್ಡು ಹಾಕುವ ಕಾಲ ಮುಗಿಯಿತು. ಊರೂರಿಗೆ ಹುಲಿ ಸಿಂಹ ಹೊತ್ತು ಬರುತ್ತಿದ್ದ ಸರ್ಕಸ್ಸಿಗೂ 2001ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಆ ಪ್ರಾಣಿಗಳು ತಪ್ಪಿದವು. ಮೃಗಾಲಯವಿಲ್ಲದ ಊರುಗಳಿಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದ ಮೃಗಾಲಯ ಅದೇ ಆಗಿತ್ತು.

ಇದ್ದದ್ದನ್ನು ಬೇಡವೆಂದ ಊರುಗಳೂ ಇವೆ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ಸಿನಲ್ಲಿ ಹತ್ತೊಂಬತ್ತನೇ ಶತಮಾನದಿಂದ ಇದ್ದ ಮೃಗಾಲಯವನ್ನು 2016ರಲ್ಲಿ ಮುಚ್ಚಿದರು. ಊರ ನಡುವಿನ ಪಂಜರ ಪ್ರಾಣಿಗೂ ನೋಡುವವರಿಗೂ ಘನತೆಯದಲ್ಲ ಎಂಬ ವಾದ ಅಲ್ಲಿ ಗೆದ್ದಿತು. ಆದರೆ ಮುಚ್ಚಿದ ಮಾತ್ರಕ್ಕೆ ಪ್ರಾಣಿಗಳು ಮಾಯವಾಗಲಿಲ್ಲ. ಅವುಗಳಿಗೆ ಬೇರೆ ನೆಲೆ ಹುಡುಕಲು ವರ್ಷಗಳೇ ಹಿಡಿದವು. ಕೋಸ್ಟರಿಕಾ ದೇಶ ತನ್ನ ಸರ್ಕಾರಿ ಮೃಗಾಲಯಗಳನ್ನು ಮುಚ್ಚುವುದಾಗಿ 2013ರಲ್ಲಿ ಹೇಳಿ, ಅದು ಆಗುವ ಹೊತ್ತಿಗೆ 2024 ಬಂದಿತ್ತು.

ಹೀಗೆ ನೋಡಿದರೆ ಒಂದು ಊರಿಗೆ ಮೃಗಾಲಯವಿಲ್ಲದಿರುವುದಕ್ಕೆ ಕಾರಣ ಒಂದಲ್ಲ. ಅರಸರಿಲ್ಲದ್ದು, ಇದ್ದದ್ದು ಸೊರಗಿದ್ದು, ಊರು ಬೆಳೆದು ಹೊರಗೆ ದಬ್ಬಿದ್ದು, ತಡವಾಗಿ ಎದ್ದವರಿಗೆ ಕಾನೂನು ಅಡ್ಡ ಬಂದದ್ದು, ಮನಸ್ಸೇ ಬದಲಾದದ್ದು. ಹರದನಹಳ್ಳಿಯಲ್ಲಿ ನಿಂತು ನೋಡಿದಾಗ ಇನ್ನೂ ಒಂದು ಕಾರಣ ಕಾಣುತ್ತದೆ. ಅದು ಅಜ್ಜಿ ಹೇಳಿದ್ದು. ಪ್ರಾಣಿ ದೂರವಾದ ಊರಿಗೆ ಮೃಗಾಲಯ ಬೇಕು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎಂದು ಎರಡೆರಡು ಹುಲಿ ಮೀಸಲು ಕಾಡುಗಳ ನಡುವಿರುವ ಜಿಲ್ಲೆಗೆ ಅದರ ಅಗತ್ಯ ತೋರಿದ್ದೇ ಇಲ್ಲ.

ಆದರೆ ಅಜ್ಜಿಯ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರಾಣಿ ನೋಡಲು ನಗರದವರು ಕೊಡುವ ದುಡ್ಡಿಗೆ ಟಿಕೆಟ್ ಇದೆ, ರಸೀತಿ ಇದೆ. ಕಾಡಂಚಿನವರು ಕೊಡುವುದಕ್ಕೆ ರಸೀತಿ ಇಲ್ಲ. ನಮ್ಮ ಬೀದಿಯವರೊಬ್ಬರ ಕೊಟ್ಟಿಗೆಗೆ ಚಿರತೆ ನುಗ್ಗಿ ಒಂದೇ ರಾತ್ರಿ ಮೂರು ಆಡು ಮುಗಿಸಿದ್ದು ನನಗೆ ನೆನಪಿದೆ. ಬೆಳಿಗ್ಗೆ ಆ ಮನೆಯ ಹೆಂಗಸು ಅಳಲಿಲ್ಲ, ಕೊಟ್ಟಿಗೆ ಗುಡಿಸುತ್ತಲೇ ಇದ್ದರು. ಬಹಳ ಹೊತ್ತು ಗುಡಿಸುತ್ತಲೇ ಇದ್ದರು. ಪರಿಹಾರ ಬರುತ್ತದೆ, ಬರುವ ಹೊತ್ತಿಗೆ ಇನ್ನೊಂದು ಸಾಲ ಆಗಿರುತ್ತದೆ.

2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತಮುತ್ತ ಇಬ್ಬರನ್ನು ಕೊಂದ ಹುಲಿಯನ್ನು ಸಾಕಾನೆಗಳ ನೆರವಿನಿಂದ ಹಿಡಿದು ಮೈಸೂರಿನ ಕೂರ್ಗಳ್ಳಿಗೆ ಸಾಗಿಸಿದರು. ಕೂರ್ಗಳ್ಳಿಯಲ್ಲಿರುವುದು ಮೈಸೂರು ಮೃಗಾಲಯಕ್ಕೆ ಸೇರಿದ ಪುನರ್ವಸತಿ ಕೇಂದ್ರ. ಅಲ್ಲಿ ಟಿಕೆಟ್ಟಿಲ್ಲ, ನೋಡುಗರಿಲ್ಲ. ಊರಿಗೆ ನುಗ್ಗಿ ಸಿಕ್ಕಿಬಿದ್ದ, ಗಾಯಗೊಂಡ, ಮತ್ತೆ ಕಾಡಿಗೆ ಬಿಡಲಾಗದ ಹುಲಿ ಚಿರತೆಗಳು ಅಲ್ಲಿವೆ. ಅಂದು ಖೆಡ್ಡಾದಲ್ಲಿ ಬಿದ್ದ ಆನೆಗಳಿಗೆ ಇದ್ದಂತೆ ಇವುಗಳಿಗೂ ನಮ್ಮ ಸೀಮೆಯಿಂದ ಹೊರಟ ದಾರಿ ನಗರದ ಕಡೆಗೇ ಇದೆ. ಅಂದು ತೋರಿಸಿಕೊಳ್ಳಲು ಹಿಡಿಯುತ್ತಿದ್ದರು. ಇಂದು ಇಟ್ಟುಕೊಳ್ಳಲು ಬೇರೆ ಜಾಗವಿಲ್ಲದೆ ಹಿಡಿಯುತ್ತಾರೆ. ಮೃಗಾಲಯದ ಕೆಲಸವೇ ಬದಲಾಗಿದೆ ಎನ್ನುವುದು ನನಗೆ ಅರ್ಥವಾದದ್ದು ಹೀಗೆ.

ಹಾಗೆ ಹಿಡಿಯದೇ ಉಳಿದರೆ ಏನಾಗುತ್ತದೆ ಎಂಬುದನ್ನೂ ನೋಡಿದೆವು. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ಹೆಣ್ಣು ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವನ್ನು ಕೊಂದ ಸಿಟ್ಟಿಗೆ ಆ ಹಸುವಿನ ಕಳೇಬರಕ್ಕೇ ವಿಷ ಹಾಕಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ನಾಡೆಲ್ಲ ಸಿಟ್ಟಾಯಿತು, ಆಗಬೇಕಾದ್ದೇ. ನನಗೂ ಆಯಿತು. ಆದರೆ ಜೊತೆಗೇ ಆ ಕೊಟ್ಟಿಗೆ ಗುಡಿಸುತ್ತಿದ್ದ ಹೆಂಗಸಿನ ಕೈಯೂ ಕಣ್ಣ ಮುಂದೆ ಬಂತು. ವಿಷ ಹಾಕಿದ್ದನ್ನು ಅದು ಸರಿ ಮಾಡುವುದಿಲ್ಲ. ಮಾದಪ್ಪನ ಬೆಟ್ಟದಲ್ಲೇ ಇದಾಯಿತಲ್ಲ ಎನ್ನುವುದು ನಮ್ಮ ಕಡೆಯವರನ್ನು ಇನ್ನೂ ಚುಚ್ಚುತ್ತದೆ. ಮಾದಪ್ಪನ ವಾಹನವೇ ಹುಲಿ. ನಮ್ಮ ಮನೆಮನೆಯ ಪಟದಲ್ಲಿ ಅವನು ಕೂತಿರುವುದು ಹುಲಿಯ ಬೆನ್ನ ಮೇಲೆ.

2022ರ ಗಣತಿಯ ಅಂದಾಜಿನಲ್ಲಿ ಕರ್ನಾಟಕದ ಹುಲಿಗಳು 563. ಇಷ್ಟು ಹುಲಿಗಳನ್ನು ಕಟ್ಟಡ ಕಟ್ಟಿ, ಕಂದಕ ತೋಡಿ, ಮಾಂಸ ಹಾಕಿ ಸಾಕಲು ಯಾವ ಅರಸನ ಬೊಕ್ಕಸವೂ ಸಾಲುತ್ತಿರಲಿಲ್ಲ. ಕಾಡು ಅದನ್ನು ಮಾಡುತ್ತಿದೆ, ಕಾಡಂಚಿನವರ ಹಸು, ಆಡು, ಬೆಳೆ, ಕೆಲವೊಮ್ಮೆ ಜೀವ ಆ ಖರ್ಚಿನಲ್ಲಿ ಸೇರಿಕೊಂಡಿದೆ. ಹಾಗಾಗಿ ಚಾಮರಾಜನಗರಕ್ಕೆ ಮೃಗಾಲಯ ಬೇಕೇ ಎಂದು ಇವತ್ತು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. ಮೈಸೂರಿನ ಟಿಕೆಟ್ ಕಿಟಕಿಯ ಮುಂದೆ ಸಾಲು ನಿಲ್ಲುವವರಿಗೆ ಮಾತ್ರ ಒಂದು ಮಾತು ತಿಳಿದಿರಲಿ ಎನಿಸುತ್ತದೆ. ಬೇಲಿಯ ಆಚೆ ಮಲಗಿರುವ ಹುಲಿಯ ಬಳಗ ಇನ್ನೂ ಬದುಕಿರುವುದು ಬೇಲಿಯಿಲ್ಲದ ಊರುಗಳ ಪಕ್ಕದಲ್ಲಿ.

ಹೋದ ವರ್ಷ ನನ್ನ ತಂಗಿಯ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಸಂಜೆ ಬೆಟ್ಟದ ಕಡೆ ನೋಡುತ್ತಾ, “ಮಾವ, ಇಲ್ಲಿ ಜೂ ಎಲ್ಲಿದೆ?” ಎಂದು ಕೇಳಿದ. ಕತ್ತಲಾಗುತ್ತಿತ್ತು. ನಾನು ಬೆಟ್ಟದ ಕಡೆ ಕೈ ತೋರಿಸಿ, ಅವನನ್ನು ಒಳಗೆ ಕರೆದುಕೊಂಡು ಬಂದು ಬಾಗಿಲ ಚಿಲಕ ಹಾಕಿದೆ.